ಹಿಂಬಾಗಿಲಿದ್ದರೆ ಮಾತ್ರ ಸಭೆ

ನಮ್ಮ ಸೋದರಮಾವ ಯಾವ ಕಟ್ಟಡಕ್ಕೆ ಕಾಲಿಟ್ಟರೂ ಮೊದಲು ಹುಡುಕುವುದು ಅಲ್ಲಿಂದ ಓಡಿಹೋಗುವ ದಾರಿಯನ್ನು! ಕಳ್ಳರಲ್ಲ, ಸುಳ್ಳರಲ್ಲ, ಹಿರಿಯೂರಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮರ್ಯಾದಸ್ಥರು. ಹೆಣ್ಣು ನೋಡಲು ಹೋದಾಗಲೂ ಹೆಣ್ಣಿಗಿಂತ ಮೊದಲು ಹಿತ್ತಲು ನೋಡಿ ಬಂದರಂತೆ. "ಮತ್ತೆ ಓಡಲಿಲ್ಲ ಯಾಕೆ?" ಎಂದು ಅತ್ತೆಯನ್ನು ಕೇಳಿದರೆ, "ಹಿತ್ಲಾಗೆ ನಾಯಿ ಕಟ್ಟಿದ್ವಿ" ಎನ್ನುತ್ತಾರೆ.

ಇಂಥವರು ಸ್ಥಾಪಿಸಿದ್ದು ಏನನ್ನು ಗೊತ್ತೇ? ಭಾಷಣ ಕಲಿಯುವ ಕೂಟವನ್ನು! ಊರಿನ ಪುಕ್ಕಲರೆಲ್ಲ ಭಾನುವಾರ ಸೇರಿ, ಒಬ್ಬೊಬ್ಬರಾಗಿ ಎದ್ದು ನಿಂತು ಐದು ನಿಮಿಷ ಮಾತಾಡಬೇಕು. ರಸ್ತೆ ಅಗಲೀಕರಣದಲ್ಲಿ ನಾವು ಸೇರುತ್ತಿದ್ದ ಕೋಣೆಯ ಅರ್ಧ ರಸ್ತೆಯಾದ ಮೇಲೆ ಕೂಟ ಮೊಬೈಲಿನ ವಿಡಿಯೊ ಕರೆಗೆ ಬಂತು. ಆಹಾ, ಅದೇನು ವೈಭವ! ನಿವೃತ್ತ ಮೇಷ್ಟರೊಬ್ಬರು ತಿಂಗಳುಗಟ್ಟಲೆ ತಮ್ಮ ಮನೆಯ ಫ್ಯಾನನ್ನೇ ತೋರಿಸಿದರು. ನಾವು ಫ್ಯಾನಿಗೇ ಚಪ್ಪಾಳೆ ತಟ್ಟಿದೆವು.

ಕಷ್ಟವಾಗಿದ್ದು ಮೆಂಬರಮ್ಮನಿಗೆ. ಜವನಗೊಂಡನಹಳ್ಳಿ ಕಡೆಯ, ಕುರಿ ಸಾಕುವ ಮನೆಯ ಈಕೆ ಪಂಚಾಯ್ತಿ ಚುನಾವಣೆಯಲ್ಲಿ ಗೆದ್ದಿದ್ದರು. ಗೆದ್ದದ್ದು ಈಕೆ, ಸಭೆಯಲ್ಲಿ ಮಾತಾಡುತ್ತಿದ್ದುದು ಗಂಡ! ಬರುವ ಗ್ರಾಮಸಭೆಯಲ್ಲಾದರೂ ತಾನೇ ಮಾತಾಡಬೇಕೆಂದು ಕೂಟ ಸೇರಿದ್ದರು. ಆದರೆ ಮೊಬೈಲಿನಲ್ಲಿ ಆಕೆ "ಎಲ್ಲರಿಗೂ ನಮಸ್ಕಾರ" ಎನ್ನುವಷ್ಟರಲ್ಲಿ ಹಿಂದಿನಿಂದ ಗಂಡನ ದನಿ ಉಳಿದದ್ದನ್ನೆಲ್ಲ ಮುಗಿಸಿಬಿಡುತ್ತಿತ್ತು.

"ಲೇ, ಈ ಫೋನಾಗೆ ಆಯಮ್ಮ ಬಾಯಿ ಬಿಡಾಕಾಗಲ್ಲ. ಬ್ಯಾರೆ ಜಾಗ ನೋಡಾಣ ನಡಿ" ಎಂದರು ಮಾವ. ಷರತ್ತು ಒಂದೇ: ಹಿಂಬಾಗಿಲು ಇರಬೇಕು.

"ಅದ್ಯಾಕೆ ಮಾವ?"

"ಹೆದರಿದೋರು ಜನದ ಮುಂದೆ ಹಾದು ಹೋಗೋ ಹಂಗಾಗಬಾರ್ದು ಕಣಲೇ. ಹೋಗಾಕೆ ದಾರಿ ಐತೆ ಅಂದ್ರೆ ನಿಂತ್ಕಳಾಕೆ ಧೈರ್ಯ ಬರ್ತೈತೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸ್ಕೂಟರ್ ನನ್ನದು, ಸಂಶೋಧನೆ ಮಾವನದು. ಒಂದು ಕಲ್ಯಾಣ ಮಂಟಪದ ಹಾಲಿಗೆ ಹಿಂಬಾಗಿಲಿತ್ತು; ಪರೀಕ್ಷೆಗೆಂದು ಮಾವ ಅದರಲ್ಲಿ ಓಡಿದರು. ಹತ್ತು ನಿಮಿಷವಾದರೂ ಪತ್ತೆಯಿಲ್ಲ! ಹೋಗಿ ನೋಡಿದರೆ, ಅಂದಿನ ಮದುವೆಯ ಅಡುಗೆಮನೆಯಲ್ಲಿ ಬೀಗರ ಕಡೆಯವರಾಗಿ ಹೋಳಿಗೆ ತಿನ್ನುತ್ತಿದ್ದರು. ಕೈ ತೊಳೆದುಕೊಂಡು, "ಇದು ಬ್ಯಾಡ. ಇಲ್ಲಿ ಎಲ್ರೂ ಹೆದರ್ತಾರೆ" ಎಂದರು.

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ರೈಲು ನಿಲ್ದಾಣದ ತನಕ ಹೋದೆವು, ಸ್ಕೂಟರಿನಲ್ಲಿ! ನೆರಳು, ಬೆಂಚು, ನಿಶ್ಶಬ್ದ ಎಲ್ಲ ಇತ್ತು. ಮಾವ ಹಳಿಯ ಉದ್ದಕ್ಕೂ ಕಣ್ಣು ಹಾಯಿಸಿ ತಲೆಯಾಡಿಸಿದರು. "ಇಲ್ಲಿಂದ ಓಡಿದೋರು ಭಾಷಣ ಮುಗಿಸಾಕೆ ವಾಪಸ್ ಬರಲ್ಲ."

ಕೊನೆಗೆ ಸಿಕ್ಕಿದ್ದು ಹಿರಿಯೂರಿನಲ್ಲೇ, ತೆಂಗಿನಕಾಯಿ ಮಂಡಿಯ ಒಂದು ಕೋಣೆ. ಹಿಂಬಾಗಿಲು ತೆರೆದರೆ ಕಾಯಿ ಸುಲಿಯುವ ಅಂಗಳ. ಮಾವ ಮೂರು ಸಲ ಓಡಿ ನೋಡಿ ಒಪ್ಪಿದರು.

ಮೊದಲ ಭಾನುವಾರ. ಗ್ರಾಮಸಭೆಗೆ ಇನ್ನು ಎರಡೇ ದಿನ. ಮೆಂಬರಮ್ಮನನ್ನು ಒಳಗೆ ಬಿಟ್ಟು ಗಂಡ ಹೊರಗೆ ಬೈಕಿನ ಮೇಲೆ ಕುಳಿತರು. ಆಕೆ ಸೆರಗು ಹೊದ್ದು ಎದ್ದು ನಿಂತು, "ನಮ್ಮೂರ ಕುರಿ ತೊಟ್ಟಿ..." ಎಂದವರು ಅಲ್ಲಿಗೇ ನಿಂತುಹೋದರು. ಓಡಿಯೇಬಿಟ್ಟರು, ಹಿಂಬಾಗಿಲಿನಿಂದ!

ಅಲ್ಲಿ ಮಾವ ಆಗಲೇ ನೀರಿನ ಚೊಂಬು ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. "ಕುಂತ್ಕ ತಾಯಿ. ನೀರು ಕುಡಿ. ಅವ್ರೆಲ್ಲ ಹಾಳಾಗ್ಲಿ, ನಂಗೊಬ್ನಿಗೆ ಹೇಳು."

ಒಳಗೆ ನಾವು ಸದ್ದಾಗದಂತೆ ಕುರ್ಚಿಗಳನ್ನು ಹಿಂಬಾಗಿಲ ಕಡೆ ತಿರುಗಿಸಿಕೊಂಡೆವು. ಮೊದಲು ಬಿಕ್ಕಳಿಕೆ ಕೇಳಿಸಿತು, ಆಮೇಲೆ ಮಾತು, ಆಮೇಲೆ ಸಿಟ್ಟು. "ಕುರಿಗೆ ನೀರು ಕುಡಿಸೋ ತೊಟ್ಟೀನ ದೊಡ್ಡೋರ ತೋಟದಾಗೆ ಕಟ್ಟವ್ರಲ್ಲ ಅಣ್ಣಾ, ನಮ್ಮ ಕುರಿ ಹೋಗಿ ಗೇಟು ಬಡ್ದು ಪರ್ಮಿಶನ್ ಕೇಳ್ಬೇಕಾ?"

ಐದು ನಿಮಿಷ ಹತ್ತಾಯಿತು. ಯಾರೂ ಗಡಿಯಾರ ನೋಡಲಿಲ್ಲ. ಆಕೆ ಕಣ್ಣೊರೆಸಿಕೊಂಡು ಹೊಸಿಲಿಗೆ ಬಂದವರು, ತಮ್ಮ ಕಡೆಗೇ ತಿರುಗಿ ಕುಳಿತ ನಮ್ಮನ್ನೆಲ್ಲ ಕಂಡು ದಂಗಾದರು. ಗಂಡ ಯಾವಾಗಲೋ ಒಳಬಂದು ನಮ್ಮ ಹಿಂದೆ ನಿಂತಿದ್ದರು. ಅಲ್ಲಿಂದಲೇ ಹೆಂಡತಿಗೆ ಹೇಳಿದರು: "ನಾಡಿದ್ದು ನೀನೇ ಮಾತಾಡು. ನಾ ಕುರಿ ಹೊಡ್ಕಂಡು ಹೋಗ್ತೀನಿ."

ವಾರಗಟ್ಟಲೆ ನಕ್ಕಿದ್ದ ನನಗೆ ನಾಚಿಕೆಯಾಯಿತು. ಮಾವ ಇನ್ನೂ ಮೆಟ್ಟಿಲ ಮೇಲೇ ಕುಳಿತು ಟವಲಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಅವರ ಕಾಲಿಗೆ ಬೀಳಬೇಕೆನಿಸಿತು. ಎದ್ದೇಳಲು ಕೈ ಕೊಟ್ಟೆ.