ರೇಡಿಯೋ ಗಿರಿಜಾಳ ಕುಬಸ

ಗಿರಿಜಾಳ ಕುಬಸ ಮಾಡಿಯೇ ತೀರುತ್ತೇನೆಂದು ನಾನು ಟೊಂಕ ಕಟ್ಟಿದಾಗ, ಅದರಲ್ಲಿ ಎಡವಟ್ಟಾಗುವಂಥದ್ದು ಏನಾದರೂ ಇದ್ದೀತೆಂದು ನನಗೆ ಅನಿಸಿರಲೇ ಇಲ್ಲ. ಬಸುರಿ ಹೆಂಗಸು, ಏಳನೆಯ ತಿಂಗಳು. ಹಸಿರು ಸೀರೆ ಉಡಿಸುವುದು, ಹಸಿರು ಬಳೆ ಇಡಿಸುವುದು, ಉಡಿ ತುಂಬಿ ಆರತಿ ಎತ್ತುವುದು. ನಮ್ಮ ಓಣಿಯಲ್ಲಿ ಇಂಥ ಕುಬಸ ನಾನು ಎಷ್ಟು ಮಾಡಿಲ್ಲ! ಈ ಸಲ ಇದ್ದದ್ದು ಒಂದೇ ಒಂದು ಸಣ್ಣ ತೊಡಕು. ಗಿರಿಜಾ ಇದ್ದದ್ದು ರೇಡಿಯೋದೊಳಗೆ!

ಅರವತ್ತರ ದಶಕದ ಮಾತು. ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಒಂದೇ ರೇಡಿಯೋ, ಅದೂ ನಮ್ಮ ಮನೆಯಲ್ಲಿ. ರವಿವಾರ ಮಧ್ಯಾಹ್ನ ಧಾರವಾಡದಿಂದ ಧಾರಾವಾಹಿ ನಾಟಕ ಬರುತ್ತಿತ್ತು. ಊಟದ ಗಂಗಾಳ ತೊಳೆದಿಟ್ಟು ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದರು. ಸಾಲೆಯ ಮಾಸ್ತರರಾದ ನಮ್ಮ ಯಜಮಾನರು ಪೇಪರು ಹಿಡಿದು ಹೊರಗಿನ ಕಟ್ಟೆಗೆ ಹೋಗುತ್ತಿದ್ದರು. ಸ್ವಂತ ಮನೆಯಲ್ಲಿ ಜಾಗವಿಲ್ಲದ ಮನುಷ್ಯ, ಪಾಪ!

ನಾಟಕದ ಕಥೆ ಇಷ್ಟು: ಗಿರಿಜಾ ಎಂಬ ಬಂಗಾರದಂಥ ಸೊಸೆ, ಅವಳನ್ನು ಹುರಿದು ಮುಕ್ಕುವ ಅತ್ತೆ. ಗಿರಿಜಾ ಮಾತನಾಡಿದರೆ ಹದಿನೆಂಟರ ಹುಡುಗಿ ಎದುರಿಗೇ ನಿಂತಂತೆ ಕಾಣುತ್ತಿತ್ತು. ಅತ್ತೆಯ ದನಿಯೋ, ಒಣಗಿದ ರೊಟ್ಟಿ ಮುರಿದ ಹಾಗೆ. ಅವಳು ಬಾಯಿ ತೆಗೆದರೆ ಸಾಕು, "ಇಕಿ ನಾಲಿಗಿ ಸೇದಿಹೋಗ್ಲಿ!" ಎಂದು ಇಡೀ ಪಡಸಾಲೆ ಶಾಪ ಹಾಕುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಗಂಟಲು ನನ್ನದು.

ಜಗಳ ಶುರುವಾದದ್ದು ಎದುರುಮನೆಯ ಅಂಬಕ್ಕನಿಂದ. ಅವಳ ತವರು ಧಾರವಾಡ. ಆದ್ದರಿಂದ ಭಾಷೆ, ಸಂಗೀತ, ಫೇಡೆ, ಎಲ್ಲದರಲ್ಲೂ ಕೊನೆಯ ಮಾತು ತನ್ನದೇ ಎಂದು ಅವಳು ತಿಳಿದುಕೊಂಡಿದ್ದಳು.

"ನಮ್ಮಕ್ಕನ ಮಗ ರೇಡಿಯೋ ಆಫೀಸಿನ ಮುಂದ ಗಿರಿಜಾನ ಪಾರ್ಟು ಮಾಡಾಕಿನ್ನ ನೋಡ್ಯಾನಂತ" ಅಂದಳು. "ನೋಡಾಕ ಏನೂ ಇಲ್ಲಂತ್ರಿ. ಆ ಪಾರ್ಟಿಗೆ ಆಕಿ ಮಾರಿ ಒಪ್ಪೂದಿಲ್ಲಂತ."

ನನ್ನ ನೆತ್ತಿ ಸುಟ್ಟಿತು. "ಅಂಬಕ್ಕಾ, ಅಂಥಾ ದನಿ ಇದ್ದಾಕಿ ಚೆಂದ ಇರಾಕs ಬೇಕು!"

"ಯಾಕ? ಕೋಗಿಲಿ ಕರ್ರಗಿಲ್ಲೇನು?"

"ಕರ್ರಗಿದ್ರ ಚೆಂದ ಇರಬಾರದೇನು?"

ಓಣಿ ಎರಡು ಪಕ್ಷವಾಯಿತು. ಒಬ್ಬಳು ಗಿರಿಜಾಳಿಗೆ ಗುಂಡು ಮುಖ ಅಂದಳು, ಇನ್ನೊಬ್ಬಳು ಉದ್ದ ಮೂಗು ಬರೆದಳು. ಮತ್ತೊಬ್ಬಳು ನಾಟಕ ಬರೆದವನ ಮೇಲೆಯೇ ಹರಿಹಾಯ್ದಳು: "ಮಾರಿ ಸುದ್ದಿ ಬಿಡ್ರಿ, ಕಥಿ ನೋಡ್ರಿ! ಏಳನೇ ತಿಂಗಳು ಹತ್ತಿ ಹನ್ನೊಂದು ವಾರ ಆತು. ಇನ್ನೂ ಏಳರಾಗs ಅದಾಳ. ಬರದಾಂವ ಹಡದಿದ್ರ ಗೊತ್ತಾಗ್ತಿತ್ತು!"

ಕಟ್ಟೆಯಿಂದ ಯಜಮಾನರ ದನಿ ಬಂತು: "ಯಾರೂ ನೋಡದ ಮಾರಿಗೆ ಇಷ್ಟು ಜಗಳ ಏನ್ರೇ?"

ಅವರ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ.

ಮುಂದಿನ ರವಿವಾರ ಬರಸಿಡಿಲು. ಅತ್ತೆ ಗುಡುಗಿದಳು: "ಇಕಿಗೆ ಈ ಮನ್ಯಾಗ ಕುಬಸ ಮಾಡಂಗಿಲ್ಲ!" ಗಿರಿಜಾ ಬಿಕ್ಕಿ ಬಿಕ್ಕಿ ಅತ್ತಳು. ನಾವೂ ಅತ್ತೆವು. ಚೊಚ್ಚಲ ಬಸುರಿಗೆ ಕುಬಸ ಇಲ್ಲವೆಂದರೆ ಏನು! ತವರು ಸತ್ತಿದೆಯೇ? ಓಣಿ ಸತ್ತಿದೆಯೇ? ನಾನು ಎದ್ದು ನಿಂತು ಘೋಷಿಸಿಬಿಟ್ಟೆ: "ಗಿರಿಜಾನ ಕುಬಸ ನಾ ಮಾಡ್ತೇನಿ. ಧಾರವಾಡಕ್ಕs ಹೋಗಿ ಮಾಡ್ತೇನಿ. ಆಕಿ ಮಾರಿ ಹೆಂಗೈತಿ ಅಂತನೂ ಎಲ್ಲಾರಿಗೂ ಬಂದು ಹೇಳ್ತೇನಿ!"

"ಶಾಂತಕ್ಕಾ, ನಾನೂ ಬರ್ತೇನಿ. ಇಲ್ಲಂದ್ರ ನೀವು ಸುಳ್ಳ ಹೇಳ್ತೀರಿ" ಅಂದಳು ಅಂಬಕ್ಕ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಸಮಾಧಾನದಿಂದ ತಿಳಿಸಿ ಹೇಳಿದರು: "ಅದು ನಾಟಕ ಐತಿ. ಆಕಿ ಖರೇನ ಬಸುರಿರಂಗಿಲ್ಲ."

"ಹಂಗಾರ ವಾಂತಿ ಮಾಡಿಕೊಂಡಿದ್ದು ಸುಳ್ಳೇನ್ರಿ? ನಾ ಕಿವಿಯಾರೆ ಕೇಳೇನಿ!"

ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನನ್ನ ವಾದ ಗೆದ್ದಿತೆಂದೇ ನಾನು ತಿಳಿದೆ.

ಗುರುವಾರ ಕಲಾವಿದರೆಲ್ಲ ತಾಲೀಮಿಗೆ ಬರುತ್ತಾರೆಂದು ಅಂಬಕ್ಕನ ಅಕ್ಕನ ಮಗ ಸುದ್ದಿ ತಂದಿದ್ದ. ಟ್ರಂಕಿನ ತಳದಲ್ಲಿದ್ದ ನನ್ನ ಹಸಿರು ಇಳಕಲ್ ಸೀರೆ, ಎರಡು ಡಜನ್ ಬಳೆ, ಕೊಬ್ಬರಿ, ಉತ್ತತ್ತಿ, ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರುಬುತ್ತಿ, ಇಷ್ಟನ್ನೂ ಹೊತ್ತು ನಾವಿಬ್ಬರೂ ಬಸ್ಸು ಹತ್ತಿದೆವು. ಓಣಿಯೆಲ್ಲ ಬಂದು ಬೀಳ್ಕೊಟ್ಟಿತು.

ರೇಡಿಯೋ ಆಫೀಸಿನ ಬಾಗಿಲಲ್ಲಿ ಜವಾನ ತಡೆದ. "ಯಾರನ್ನ ಕಾಣಬೇಕ್ರಿ?"

"ಗಿರಿಜಾನ್ನ."

"ಇಲ್ಲೆ ಗಿರಿಜಾ ಅಂತ ಯಾರೂ ಇಲ್ಲರಿ."

"ಇಲ್ಲದs ಏನು? ವಾರಾ ವಾರಾ ಅಳ್ತಾಳಲ್ಲ, ಆಕಿ! ಕುಬಸಕ್ಕ ಬಂದೇವಿ."

ಜವಾನ ನನ್ನನ್ನು ನೋಡಿದ, ಬುಟ್ಟಿಯನ್ನು ನೋಡಿದ, ಹೋಳಿಗೆಯ ವಾಸನೆ ಹಿಡಿದ. ಒಳಗೆ ಬಿಟ್ಟ.

ಒಂದು ಕೋಣೆಯಲ್ಲಿ ನಾಲ್ಕಾರು ಜನ ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದರು. ಅವರ ನಡುವೆ ಅವಳು! ಇಪ್ಪತ್ತೆರಡರ ಪ್ರಾಯ, ನೀಳ ಜಡೆ, ದೇವರ ಮುಖ. ಮೇಲಾಗಿ ಏಳು ತಿಂಗಳ ಹೊಟ್ಟೆ! ನನ್ನ ಜೀವನದಲ್ಲಿ ಅಂಥ ಜಯ ನಾನು ಕಂಡಿರಲಿಲ್ಲ.

"ನೋಡ್ರಿ ಅಂಬಕ್ಕಾ! ಕಣ್ಣು ತುಂಬ ನೋಡ್ರಿ! ಬಸುರಿನೂ ಖರೇ, ಚೆಂದನೂ ಖರೇ!"

ನಾನು ತಡಮಾಡಲಿಲ್ಲ. ಹುಡುಗಿಯನ್ನು ಕುರ್ಚಿಯ ಮೇಲೆ ಕೂಡಿಸಿದೆ, ಹಣೆಗೆ ಕುಂಕುಮ ಹಚ್ಚಿದೆ, ಸೀರೆ ಹೊದಿಸಿದೆ, ಬಳೆ ಏರಿಸತೊಡಗಿದೆ. ಅವಳು ಏನೋ ಹೇಳಲು ಬಾಯಿ ತೆಗೆದಾಗಲೆಲ್ಲ ಅದರಲ್ಲಿ ಒಂದು ಚೂರು ಹೋಳಿಗೆ ಇಟ್ಟೆ. ಜೊತೆಗೆ ಸಮಾಧಾನವನ್ನೂ ಹೇಳಿದೆ: "ಅಳಬ್ಯಾಡವ್ವ. ಆ ನಿಮ್ಮತ್ತಿ ಅದಾಳಲ್ಲ, ಆ ಮೂಳಿ, ಆಕಿ ನಾಲಿಗಿಗೆ ಹುಳ ಬೀಳ್ಲಿ! ನಮ್ಮ ಓಣ್ಯಾಗ ಆಕಿಗೆ ಶಾಪ ಹಾಕಲಾರದ ಬಾಯಿಲ್ಲ!"

ಹುಡುಗಿ ಹೋಳಿಗೆ ನುಂಗಿ ಮಾತನಾಡಿದಳು. ಒಣಗಿದ ರೊಟ್ಟಿ ಮುರಿದ ಹಾಗೆ!

"ಅಕ್ಕಾರ... ಆ ಅತ್ತಿ ನಾನs ರಿ."

ನನ್ನ ಕೈಯಲ್ಲಿದ್ದ ಬಳೆ ಪಟ್ಟನೆ ಒಡೆಯಿತು. ಅಷ್ಟರಲ್ಲಿ ಮೂಲೆಯ ಬೆಂಚಿನಿಂದ ಹದಿನೆಂಟರ ಹುಡುಗಿಯ ದನಿ ಕೇಳಿತು: "ಗಿರಿಜಾ ನಾನವ್ವಾ, ತಂಗಿ." ತಿರುಗಿ ನೋಡಿದರೆ ಬೆಳ್ಳಗಿನ ತಲೆ, ದಪ್ಪ ಕನ್ನಡಕ, ಬಾಯಿಯಲ್ಲಿ ಎರಡು ಹಲ್ಲು ಕಡಿಮೆ. ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸಿ ನಿವೃತ್ತರಾದ ಬಾಯಾರಂತೆ! ವಯಸ್ಸು ಅರವತ್ತರ ಹತ್ತಿರ!

ಅಂಬಕ್ಕ ನನ್ನ ಕಿವಿಯಲ್ಲಿ, "ನೋಡಾಕ ಏನೂ ಇಲ್ಲ ಅಂದಿದ್ದಿಲ್ಲ ನಾನು?" ಅಂದಳು. ಭೂಮಿ ಬಾಯಿ ಬಿಟ್ಟಿದ್ದರೆ ಸೀರೆ ಬುಟ್ಟಿ ಸಮೇತ ಒಳಗೆ ಹೋಗುತ್ತಿದ್ದೆ. ಹೊದಿಸಿದ ಸೀರೆ ತೆಗೆಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಬಸುರಿ ಹೆಂಗಸಿಗೆ ಅವಳ ಎದುರಿಗೇ ಶಾಪ ಹಾಕಿದ ಪಾಪ ಬೇರೆ!

"ತಪ್ಪಾತವ್ವ" ಎಂದು ಸೀರೆಯ ಕಡೆ ಕೈ ಚಾಚಿದೆ. ಹುಡುಗಿ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಬಾಯಾರು ಎದ್ದು ಬಂದರು. "ಅರ್ಧಕ್ಕ ಬಿಡಬ್ಯಾಡ್ರಿ" ಅಂದರು. "ಈ ನಮ್ಮ ಸುಮಿತ್ರಾ ಮನಸ್ಸಿಗೆ ಬಂದಾವನ್ನ ಮದುವಿ ಆಗ್ಯಾಳ. ಜಾತಿ ಬ್ಯಾರೆ. ಎರಡೂ ಮನಿಯವರು ಬಾಗಲಾ ಹಾಕ್ಕೊಂಡಾರ. ನಾಟಕದಾಗ ನನಗ ಕುಬಸಿಲ್ಲ ಅಂತ ಒದರಿದ ದಿನಾ, ಹೊರಗ ಹೋಗಿ ಗ್ವಾಡಿಗೆ ಮಾರಿ ಮಾಡಿ ಅತ್ತಾಳ. ಆಕಿಗೆ ಕುಬಸ ಮಾಡವ್ರು ಯಾರದಾರ್ರಿ?"

ನನ್ನ ಎದೆ ಕರಗಿ ನೀರಾಯಿತು. "ನಾ ಇದ್ದೇನಲ್ರಿ!" ಅಂದೆ. ಅಂಬಕ್ಕ ಉಳಿದ ಬಳೆ ನನ್ನ ಕೈಯಿಂದ ಕಸಿದುಕೊಂಡು ತಾನೇ ಇಡಿಸಿದಳು. ನಾನು ಉಡಿ ತುಂಬಿದೆ. ಬಾಯಾರು ಅದೇ ಗಿರಿಜಾಳ ದನಿಯಲ್ಲಿ ಆರತಿ ಹಾಡು ಹೇಳಿದರು. ಹಾಳೆ ಹಿಡಿದಿದ್ದ ಗಂಡಸರೂ ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲರೂ ಕೂತು ಬುತ್ತಿ ಬಿಚ್ಚಿದೆವು. ಬಾಯಾರು ಎರಡು ಹಲ್ಲು ಕಡಿಮೆ ಇದ್ದರೂ ನಾಲ್ಕು ಹೋಳಿಗೆ ಹೊಡೆದರು. ಜವಾನ ಐದು.

ಓಣಿಗೆ ಮರಳಿದಾಗ ದಂಡಯಾತ್ರೆ ಗೆದ್ದು ಬಂದವರ ಸ್ವಾಗತ! "ಕುಬಸ ಆತೇನ್ರಿ? ಹೆಂಗದಾಳ್ರಿ?" ಬಸ್ಸಿನಲ್ಲೇ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಸುಮಿತ್ರಾಳ ಮನೆಯ ಸುದ್ದಿ ಓಣಿಯ ಬಾಯಿಗೆ ಬೀಳಬಾರದು, ಬಾಯಾರ ಬಿಳಿ ಕೂದಲೂ ಬೀಳಬಾರದು. "ಭರ್ಜರಿ ಆತು! ಬಸುರಿ ಹೆಣ್ಣು, ದೇವರ ಮಾರಿ!" ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಂಬಕ್ಕ, "ಶಾಂತಕ್ಕಾರು ಹೇಳಿದ್ದು ಖರೇ" ಎಂದು ತಲೆಯಾಡಿಸಿದಳು. ಮೂರು ದಿನ ನಾನು ನೆಲದ ಮೇಲೆ ಕಾಲಿಡಲಿಲ್ಲ.

ನಾಲ್ಕನೆಯ ದಿನ ರವಿವಾರ.

ರೇಡಿಯೋದಲ್ಲಿ ಅತ್ತೆ ಎಂದಿನಂತೆ ಗುಡುಗಿದಳು. ಪಡಸಾಲೆ ಎಂದಿನಂತೆ ಬಾಯಿ ತೆಗೆಯಿತು: "ಇಕಿ ನಾಲಿಗಿ ಸೇದಿ..."

"ಏ, ಬಾಯಿ ಮುಚ್ಚರೇ!" ನಾನು ಹಾರಿ ಎದ್ದೆ. "ದಿನ ತುಂಬಾಕತ್ತಿದ ಹೆಣ್ಣಿಗೆ ಶಾಪ ಹಾಕ್ತೀರೇನು?"

"ಶಾಂತಕ್ಕಾ, ಬಸುರಿ ಗಿರಿಜಾ ಅಲ್ಲೇನ್ರಿ?"

"ಗಿರಿಜಾಗೇನಾಗೇತಿ ಧಾಡಿ? ಅತ್ತಿ ಹೇಳಿದಂಗ ಒಂದೀಟು ಕೇಳ್ಕೊಂಡು ಬಿದ್ದಿರಬೇಕು!"

ರೇಡಿಯೋದೊಳಗೆ ಗಿರಿಜಾ ಬಿಕ್ಕಳಿಸತೊಡಗಿದಳು. ಎಲ್ಲರ ಸೆರಗೂ ಕಣ್ಣಿಗೆ ಹೋಯಿತು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ: "ಸಾಕ ಮಾಡವ್ವ ನಿನ್ನ ಸೋಗು! ನಾಕು ಹೋಳಿಗಿ ತಿಂದಾಕಿಗೆ ಅಳು ಎಲ್ಲಿಂದ ಬರ್ತೈತಿ?"

ಅಂಬಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲುಗಾಡಿ ನಗುತ್ತಿದ್ದಳು. ಉಳಿದವರೆಲ್ಲ ರೇಡಿಯೋ ಬಿಟ್ಟು ನನ್ನ ಕಡೆ ತಿರುಗಿದರು. ನನ್ನದೇ ಮನೆಯಲ್ಲಿ, ನನ್ನದೇ ರೇಡಿಯೋದ ಮುಂದೆ, ಹೊಸದಾಗಿ ಮದುವೆಯಾಗಿ ಬಂದ ಪಕ್ಕದ ಮನೆಯ ಸೊಸೆ ನನ್ನಿಂದ ಒಂದು ಗೇಣು ದೂರ ಸರಿದು ಕೂತು, ತನ್ನ ಗೆಳತಿಯ ಕಿವಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

"ಖರೇ ಅತ್ತಿ ಇಲ್ಲೇ ಅದಾಳ ನೋಡ!"