ಮೂರು ಕೆಂಪು ಗೆರೆ

ಟೀವಿಯಲ್ಲಿ ಚಿತ್ರಗಳ ಕೆಳಗೆ ಬರುವ ಕೆಂಪು ಗೆರೆಗೆ ಒಂದು ಅರ್ಥವಿದೆ ಎಂಬುದು ಲೈಬ್ರರಿಯವರಿಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಅಲ್ಲಿಯತನಕ ಅದನ್ನು ಅವರು ಪುಸ್ತಕದ ರಟ್ಟಿನ ಅಂಚಿಗೆ ಬಳಿಯುವ ಬಣ್ಣದಂಥ ಅಲಂಕಾರವೆಂದೇ ತಿಳಿದಿದ್ದರು.

ಹೇಳಿದವನು ಎದುರುಮನೆಯ ಲಿಫ್ಟ್ ಮೆಕ್ಯಾನಿಕ್. ಕೊಟ್ಟಿದ್ದ ಏಣಿ ವಾಪಸ್ಸು ಕೇಳಲು ಬಂದವನು ಟೀವಿಯ ಕಡೆ ನೋಡಿ, "ಓ, ಹತ್ತು ಕಂತೂ ಮುಗಿಸಿಬಿಟ್ಟಿದ್ದೀರಿ. ಹೇಗಿದೆ ಸಾರ್?" ಅಂದ.

"ಮುಗಿಸಿದ್ದೀವಿ ಅಂತ ನಿಮಗ್ಯಾರು ಹೇಳಿದ್ರು?"

"ಗೆರೆ ಹೇಳ್ತಿದೆಯಲ್ಲ ಸಾರ್. ಅರ್ಧ ನೋಡಿದ್ರೆ ಅರ್ಧ ಗೆರೆ, ಪೂರ್ತಿ ನೋಡಿದ್ರೆ ಪೂರ್ತಿ ಗೆರೆ. ಟೀವಿ ಕೆಳಗಿರೋ ಈ ಪೆಟ್ಟಿಗೆ ಎಲ್ಲಾ ಬರೆದಿಟ್ಕೊಳ್ಳತ್ತೆ."

ಲೈಬ್ರರಿಯವರು ಕನ್ನಡಕ ಸರಿಮಾಡಿಕೊಂಡು ಟೀವಿಯ ಹತ್ತಿರ ಹೋಗಿ ನೋಡಿದರು. ಒಂದರಿಂದ ಏಳನೇ ಕಂತಿನವರೆಗೆ ಗೆರೆ ಇತ್ತು. ಅದು ಸರಿ, ಅಷ್ಟನ್ನು ಹೆಂಡತಿಯ ಜೊತೆ ಕೂತು ನೋಡಿದ್ದರು. ಎಂಟು, ಒಂಬತ್ತು, ಹತ್ತರ ಕೆಳಗೂ ಈ ತುದಿಯಿಂದ ಆ ತುದಿಯವರೆಗೆ ಗೆರೆ ಇತ್ತು. ಅವರು ಹೆದರಿ ಬಾಗಿಲ ಕಡೆ ನೋಡಿದರು.

ಅವರ ಭಯಕ್ಕೆ ಕಾರಣವಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳ ಪಾಳಿ ಮುಗಿದು ಇವರ ಲೈಬ್ರರಿ ಮುಚ್ಚಿ ಇಬ್ಬರೂ ಒಂದೇ ಸೋಫಾದ ಮೇಲೆ ಕೂರುವುದು ದಿನಕ್ಕೆ ಒಂದು ಗಂಟೆ, ಅದೂ ಅದೃಷ್ಟವಿದ್ದರೆ. ಆ ಗಂಟೆಗೆಂದೇ, ಬೇಕಾದಾಗ ಸರಣಿ ನೋಡಬಹುದಾದ ಈ ಪೆಟ್ಟಿಗೆ ತಂದಿದ್ದು. ಆದರೆ ಲೈಬ್ರರಿಯವರಿಗೆ ಇಪ್ಪತ್ತು ವರ್ಷದ ಒಂದು ಚಾಳಿ. ಯಾವ ಕಾದಂಬರಿ ಕೈಗೆ ಬಂದರೂ ಮೊದಲು ಕೊನೆಯ ಪುಟ ತೆರೆಯುತ್ತಿದ್ದರು. ಪೆಟ್ಟಿಗೆ ಬಂದಮೇಲೆ ಆ ಚಾಳಿ ಟೀವಿಗೂ ಅಂಟಿತು. ಮೊದಲನೆಯ ಸರಣಿಯಲ್ಲಿ ಮುಂದಿನ ಕಂತುಗಳನ್ನು ಕದ್ದು ನೋಡಿ, ನಾಯಕನ ತಮ್ಮ ಬಂದಾಗಲೆಲ್ಲ "ಇವನ ಮೇಲೆ ಜಾಸ್ತಿ ಪ್ರೀತಿ ಇಟ್ಕೋಬೇಡ" ಎಂದು ಹೆಂಡತಿಗೆ ಎಚ್ಚರಿಕೆ ಕೊಟ್ಟಿದ್ದರು. ಎರಡನೆಯದರಲ್ಲಿ ಬಾಯಿ ಮುಚ್ಚಿಕೊಂಡೇ ಇದ್ದರು. ಆದರೆ ಹೆಂಡತಿಗೆ ಅಳು ಬರುವ ಐದು ನಿಮಿಷ ಮೊದಲೇ ಎದ್ದುಹೋಗಿ ಕರವಸ್ತ್ರ ತಂದಿಟ್ಟು ಸಿಕ್ಕಿಬಿದ್ದರು.

ಆವತ್ತು ಹೆಂಡತಿ ಕೂಗಾಡಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನೀವು ನಿಮ್ಮ ಪಾಡಿಗೆ ಟೀವಿ ನೋಡಿ, ನಾನು ನನ್ನ ಪಾಡಿಗೆ ಒಳಗೆ ಫೋನಲ್ಲಿ ನೋಡ್ಕೋತೀನಿ" ಅಂದಳು, ಅಷ್ಟೆ. ಆ ಮಾತು ಲೈಬ್ರರಿಯವರಿಗೆ ಚುಚ್ಚಿತು. ಕೊಲೆಗಾರ ಯಾರಾದರೆ ಅವರಿಗೇನು, ಅವರಿಗೆ ಬೇಕಾಗಿದ್ದದ್ದು ಆ ಒಂದು ಗಂಟೆ. ಇನ್ನು ಕದ್ದು ನೋಡುವುದಿಲ್ಲ ಎಂದು ಮಾತು ಕೊಟ್ಟರು. ಕೊಟ್ಟು ಎರಡು ತಿಂಗಳೂ ಆಗಿರಲಿಲ್ಲ. ಹೋದ ಸೋಮವಾರ, ಲೈಬ್ರರಿಗೆ ವಾರದ ರಜ, ಮನೆಯಲ್ಲಿ ಒಬ್ಬರೇ. ಈ ಮೂರನೆಯ ಸರಣಿಯ ಎಂಟನೇ ಕಂತಿನ ಮೊದಲ ಐದು ನಿಮಿಷ ನೋಡಿ ನಿಲ್ಲಿಸಿಬಿಡೋಣ ಎಂದು ಕೂತವರು ಹತ್ತನೆಯದು ಮುಗಿದಮೇಲೆ ಎದ್ದರು.

ಆಮೇಲಿನ ವಾರವೆಲ್ಲ ಹೆಂಡತಿಗೇ ಪುರುಸೊತ್ತಾಗಲಿಲ್ಲ. ಒಂದು ದಿನ ತಲೆನೋವು, ಇನ್ನೊಂದು ದಿನ ತಂಗಿಯ ಫೋನು, ಮತ್ತೊಂದು ದಿನ ಪಾಳಿ ಬದಲು. ಇವತ್ತು ಬೆಳಿಗ್ಗೆ ಹೊರಡುವಾಗ ಮಾತ್ರ, ಏನೋ ತೀರ್ಮಾನಕ್ಕೆ ಬಂದವಳಂತೆ, "ಆರು ಗಂಟೆಗೆ ಬರ್ತೀನಿ. ಎಂಟನೇದು ನೋಡೇಬಿಡೋಣ" ಅಂದು ಹೋಗಿದ್ದಳು.

"ಈ ಗೆರೆ ಅಳಿಸೋಕಾಗತ್ತಾ?" ಎಂದು ಲೈಬ್ರರಿಯವರು ಮೆಲ್ಲಗೆ ಕೇಳಿದರು.

ಮೆಕ್ಯಾನಿಕ್ ಏಣಿಯನ್ನು ಗೋಡೆಗೆ ಒರಗಿಸಿದ. ಯಾವ ಯಂತ್ರವೂ ಆರಿಸಿ ಹತ್ತಿಸಿದರೆ ಸರಿಹೋಗುತ್ತದೆ ಎಂಬುದು ಅವನ ನಂಬಿಕೆ. ಪೆಟ್ಟಿಗೆ ಆರಿಸಿದ, ಹತ್ತಿಸಿದ. ಗೆರೆ ಇತ್ತು. ಟೀವಿ ಆರಿಸಿ ಹತ್ತಿಸಿದ. ಗೆರೆ ಇತ್ತು. ಕೊನೆಗೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಹತ್ತಿಸಿದ. ಒಗೆಯುವ ಯಂತ್ರ ಮಧ್ಯದಲ್ಲಿ ನಿಂತು ನೀರೆಲ್ಲ ಬಚ್ಚಲಿಗೆ ಬಿಟ್ಟಿತು, ಗೆರೆ ಮಾತ್ರ ಇದ್ದಲ್ಲೇ ಇತ್ತು.

ಬಚ್ಚಲ ನೀರು ಕೆಳಮನೆಯ ಟೈಲರಮ್ಮನ ಕಿಟಕಿಗೆ ತೊಟ್ಟಿಕ್ಕಿತು. ಆಕೆ ಕತ್ತಿನಲ್ಲಿ ಟೇಪು ಹಾಕಿಕೊಂಡೇ ಜಗಳಕ್ಕೆಂದು ಮೇಲೆ ಬಂದರು. ಬಾಗಿಲಲ್ಲಿ ಇಬ್ಬರು ಗಂಡಸರು ಟೀವಿಯ ಮುಂದೆ ಮಂಡಿಯೂರಿ ಕೂತಿದ್ದು ಕಂಡು ಜಗಳ ಮರೆತರು.

"ಏನಾಗಿದೆ?"

ಮೆಕ್ಯಾನಿಕ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಲೈಬ್ರರಿಯವರು ಕಣ್ಸನ್ನೆ ಮಾಡಿದ್ದು ಅವನಿಗೆ ಕಾಣಲಿಲ್ಲ.

"ಅಯ್ಯೋ ಪಾಪ, ನರ್ಸಮ್ಮನಿಗೆ ಹೀಗೆ ಮಾಡಬಾರದಿತ್ತು ನೀವು" ಅಂದರು ಟೈಲರಮ್ಮ. "ಇರಲಿ, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ."

ಟೈಲರಮ್ಮ ಈ ಮಾತು ಹೇಳಿದ ಮೇಲೆ ಸುದ್ದಿ ಬೀದಿಯ ತುದಿ ಮುಟ್ಟಲು ಸಾಮಾನ್ಯವಾಗಿ ಅರ್ಧ ದಿನ ಸಾಕಾಗುತ್ತಿತ್ತು. ಲೈಬ್ರರಿಯವರು ಆಕೆಯನ್ನು ಕಳಿಸುವುದಕ್ಕಿಂತ ಕೂರಿಸಿಕೊಳ್ಳುವುದೇ ಕ್ಷೇಮವೆಂದು ಕುರ್ಚಿ ಎಳೆದು ಹಾಕಿದರು.

ಆಕೆ ಕೂತು, ರಿಮೋಟನ್ನು ಬಾಯಿಯ ಹತ್ತಿರ ಹಿಡಿದರು. "ಇದಕ್ಕೆ ಹೇಳಿದ್ರೆ ಕೇಳತ್ತೆ ರೀ. ನಮ್ಮನೇಲಿ ನಾನು ಹೇಳೋದೇ. ಏ ಪೆಟ್ಟಿಗೆ, ಈ ಕೆಂಪು ಗೆರೆ ತೆಗಿ."

ಪೆಟ್ಟಿಗೆ ಕ್ಷಣ ಯೋಚಿಸಿ, ಮಕ್ಕಳಿಗೆ ಚಿತ್ರ ಬರೆಯಲು ಕಲಿಸುವ ನಲವತ್ತು ವೀಡಿಯೋ ತಂದು ಮುಂದಿಟ್ಟಿತು. ಆಕೆ ದನಿ ಏರಿಸಿ ಇನ್ನೊಮ್ಮೆ ಹೇಳಿದರು. ಈ ಸಲ ಯಾರೋ ಮೇಷ್ಟ್ರು ರೇಖಾಗಣಿತ ಶುರುಮಾಡಿದರು. ಅದನ್ನು ನಿಲ್ಲಿಸಲು ಮೂವರೂ ರಿಮೋಟಿಗೆ ಕೈ ಹಾಕಿ, ಯಾವ ಬೆರಳು ಯಾವ ಗುಂಡಿಯ ಮೇಲೆ ಬಿತ್ತೋ, ಟೀವಿಯ ಅಕ್ಷರಗಳೆಲ್ಲ ಬದಲಾದವು. ಅದು ಯಾವ ದೇಶದ ಲಿಪಿಯೋ, ಎಡದಿಂದ ಓದಬೇಕೋ ಬಲದಿಂದ ಓದಬೇಕೋ ಎಂಬುದೂ ತಿಳಿಯದು. ಲೈಬ್ರರಿಯವರು ಹದಿನೆಂಟು ಸಾವಿರ ಪುಸ್ತಕದ ನಡುವೆ ಇಂಥ ಅಕ್ಷರ ನೋಡಿರಲಿಲ್ಲ.

"ಗಾಬರಿ ಆಗಬೇಡಿ" ಅಂದ ಮೆಕ್ಯಾನಿಕ್. "ನಮ್ಮನೇಲೂ ಇದೇ ಪೆಟ್ಟಿಗೆ. ನಾನು ಅಲ್ಲಿ ನೋಡ್ಕೊಂಡು ಹೇಳ್ತೀನಿ, ನೀವು ಇಲ್ಲಿ ಒತ್ತಿ."

ಆತ ತನ್ನ ಮನೆಗೆ ಹೋಗಿ ಕೂತ. ಟೈಲರಮ್ಮ ಎರಡು ಬಾಗಿಲುಗಳ ನಡುವೆ ನಿಂತರು. "ಕೆಳಗೆ ಮೂರು" ಎಂದು ಅವನು ಕೂಗುವುದು, "ಕೆಳಗೆ ಮೂರಂತೆ" ಎಂದು ಆಕೆ ಅದಕ್ಕಿಂತ ಜೋರಾಗಿ ಕೂಗುವುದು, ಲೈಬ್ರರಿಯವರು ನಾಲ್ಕು ಒತ್ತುವುದು. ಹೀಗೇ ಮಧ್ಯಾಹ್ನವಾಯಿತು. ಮೇಲ್ಮಹಡಿಯ ಅಜ್ಜಿ ಮೆಟ್ಟಿಲಿನಿಂದ ಬಗ್ಗಿ, "ಗೆರೆ ಅಳಿಸಿಹೋಯ್ತೇನಪ್ಪಾ?" ಎಂದು ಕೇಳಿದರು. ಪೇಪರ್ ಬಿಲ್ಲಿಗೆ ಬಂದವನೂ ಅದನ್ನೇ ಕೇಳಿಕೊಂಡು ಹೋದ.

ನಾಲ್ಕೂವರೆಗೆ ಮೆಕ್ಯಾನಿಕ್ ಕೈಚೆಲ್ಲಿ ವಾಪಸ್ಸು ಬಂದ. "ಇನ್ನು ಒಂದೇ ದಾರಿ ಸಾರ್. ಹಿಂದುಗಡೆ ಒಂದು ಸಣ್ಣ ತೂತಿದೆ ನೋಡಿ. ಅದರೊಳಗೆ ಪಿನ್ ಚುಚ್ಚಿ ಹಿಡಿದ್ರೆ ಪೆಟ್ಟಿಗೆ ಹುಟ್ಟಿದ ದಿನಕ್ಕೆ ಹೋಗತ್ತೆ. ಗೆರೆ, ಭಾಷೆ, ಏನೂ ಉಳಿಯಲ್ಲ."

ಪಿನ್ನಿಗೆ ಬರವಿರಲಿಲ್ಲ, ಟೈಲರಮ್ಮನ ಸೆರಗಿನಲ್ಲೇ ಆರು ಇದ್ದವು. ಚುಚ್ಚಿದರು. ದೀಪ ಮಿಣುಕಿತು, ಟೀವಿ ಕಪ್ಪಾಯಿತು, ಆಮೇಲೆ ಅರ್ಥವಾಗುವ ಅಕ್ಷರದಲ್ಲಿ ಸ್ವಾಗತ ಬಂತು. ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. ಮುಂದಿನ ಸಾಲನ್ನು ಮೊದಲು ಓದಿದವರು ಲೈಬ್ರರಿಯವರು. ಖಾತೆ ತೆರೆಯಲು, ನೋಂದಾಯಿಸಿದ ಫೋನಿಗೆ ಕಳಿಸುವ ಆರು ಅಂಕಿಗಳನ್ನು ಹಾಕಬೇಕಂತೆ. ಖಾತೆ ಹೆಂಡತಿಯ ಹೆಸರಿನಲ್ಲಿತ್ತು. ಫೋನೂ ಅವಳದೇ.

ಫೋನ್ ಮಾಡಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು.

"ಏನಿಲ್ಲ, ಕರೆಂಟ್ ಹೋಗಿ ಬಂತು. ಪೆಟ್ಟಿಗೆ ಎಲ್ಲಾ ಮರೆತುಬಿಟ್ಟಿದೆ. ನಿನಗೆ ಒಂದು ನಂಬರ್ ಬಂದಿರಬೇಕು."

ಆ ಕಡೆಯಿಂದ ಯಾವುದೋ ಟ್ರಾಲಿ ಉರುಳಿಹೋದ ಸದ್ದು ಕೇಳಿಸಿತು. "ಎಲ್ಲಾ ಮರೆತಿದೆಯಾ?" ಎಂದು ಹೆಂಡತಿ ಕೇಳಿದಳು.

"ಎಲ್ಲಾ."

ಅವಳು ಅಂಕಿಗಳನ್ನು ಒಂದೊಂದಾಗಿ ಓದಿ ಫೋನಿಟ್ಟಳು. ಒಂದು ಪ್ರಶ್ನೆಯನ್ನೂ ಹೆಚ್ಚಿಗೆ ಕೇಳಲಿಲ್ಲ. ಇದು ಅವಳ ರೀತಿಯಲ್ಲ ಎಂಬುದು ಲೈಬ್ರರಿಯವರಿಗೆ ಹೊಳೆಯಲಿಲ್ಲ. ಅವರ ಗಮನವೆಲ್ಲ ಅಂಕಿಗಳ ಮೇಲಿತ್ತು.

ಐದೂವರೆಗೆ ಖಾತೆ ತೆರೆಯಿತು. ಮೆಕ್ಯಾನಿಕ್ ಏಣಿ ಹೊತ್ತುಕೊಂಡು ಹೋದ, ಟೈಲರಮ್ಮ ಪಿನ್ ಎಣಿಸಿಕೊಂಡು ಇಳಿದರು. ಲೈಬ್ರರಿಯವರು ಬಚ್ಚಲು ಒರೆಸಿ, ಮುಖ ತೊಳೆದುಕೊಂಡು, ಹೊಸ ಮನುಷ್ಯರಾಗಿ ಸೋಫಾದಲ್ಲಿ ಕೂತು ಸರಣಿಯನ್ನು ತೆರೆದರು. ಹತ್ತು ಚಿತ್ರ ಸಾಲಾಗಿ ಬಂದವು. ಹತ್ತೂ ಚಿತ್ರಗಳ ಕೆಳಗೆ ಕೆಂಪು ಗೆರೆ ಇತ್ತು. ಪೆಟ್ಟಿಗೆ ಮರೆತದ್ದು ನಿಜ, ಆದರೆ ಗೆರೆ ಎಳೆದದ್ದು ಪೆಟ್ಟಿಗೆಯಲ್ಲ, ಖಾತೆ. ಅದು ಎಲ್ಲೋ ದೂರದಲ್ಲಿ ಕೂತು ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು.

ಕಿಟಕಿಯಿಂದ ನೋಡಿದರೆ ಕೆಳಗೆ ಹೆಂಡತಿ ಬಂದೇಬಿಟ್ಟಿದ್ದಳು. ಗೇಟಿನಲ್ಲಿ ಟೈಲರಮ್ಮ ಅವಳ ತೋಳು ಹಿಡಿದು ಏನೋ ಹೇಳುತ್ತಿದ್ದರು. ಟೈಲರಮ್ಮ ಟೇಪು ತೆಗೆದು ಬಿಳಿ ಕೋಟಿನ ತೋಳಿನ ಅಳತೆ ಹಿಡಿದರು. ಮಾತು ಕೋಟಿನದ್ದೇ ಇರಬೇಕು ಎಂದು ಲೈಬ್ರರಿಯವರು ಅಂದುಕೊಂಡರೂ ಪೂರ್ತಿ ನಂಬಿಕೆ ಬರಲಿಲ್ಲ.

ಹೆಂಡತಿ ಒಳಗೆ ಬಂದು ಚಪ್ಪಲಿ ಬಿಟ್ಟು ಕೈ ತೊಳೆದಳು. ಲೈಬ್ರರಿಯವರು ಟೀವಿಗೆ ಬೆನ್ನು ಹಾಕಿ ಎರಡೂ ಕೈ ಹರಡಿಕೊಂಡು ನಿಂತಿದ್ದರು.

"ಸ್ವಲ್ಪ ಸರೀರಿ."

ಸರಿದರು. ಬೇರೆ ದಾರಿ ಇರಲಿಲ್ಲ.

ಅವಳು ಗೆರೆಗಳನ್ನು ನೋಡಿದಳು. ಮುಖ ಕೆಂಪಾಯಿತು. ಸೋಫಾದಲ್ಲಿ ಕುಸಿದು, "ಕೊನೆಗೂ ಕಂಡುಬಿಡ್ತಲ್ಲ ನಿಮಗೆ" ಅಂದಳು. "ನಾನೇ ಹೇಳೋಣ ಅಂತ ಇವತ್ತು ಗಟ್ಟಿ ಮನಸ್ಸು ಮಾಡ್ಕೊಂಡು ಬಂದಿದ್ದೆ ರೀ. ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ, ವಾರ್ಡಲ್ಲಿ ಪೇಷಂಟ್ ಯಾರೂ ಇರಲಿಲ್ಲ. ಫೋನಲ್ಲಿ ಮೂರೂ ನೋಡಿಬಿಟ್ಟೆ. ಫೋನಲ್ಲಿ ನೋಡಿದ್ರೂ ಟೀವೀಲಿ ಗೆರೆ ಬೀಳತ್ತೆ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ತಲೆನೋವು ಅಂತ ದಿನಾ ತಪ್ಪಿಸ್ತಿದ್ದೆ. ನೀವು ನಂಬರ್ ಕೇಳಿದಾಗ ನನ್ನನ್ನ ಪರೀಕ್ಷೆ ಮಾಡ್ತಿದ್ದೀರಿ ಅಂದ್ಕೊಂಡೆ."

ಈ ಹೊತ್ತಿನಲ್ಲಿ ಲೈಬ್ರರಿಯವರು "ನಾನೂ ನೋಡಿದೆ ಕಣೇ" ಎಂದುಬಿಟ್ಟಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕು ಚಹಾ ಕುಡಿಯುತ್ತಿದ್ದರು. ಆದರೆ ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಕ್ಷಮಿಸುವ ಅವಕಾಶ ಅವರಿಗೆ ಸಿಕ್ಕಿದ್ದು ಇದೇ ಮೊದಲು. ಬಿಡಲು ಮನಸ್ಸಾಗಲಿಲ್ಲ.

"ಹೋಗ್ಲಿ ಬಿಡು" ಎಂದರು, ಸಭೆಯಲ್ಲಿ ಮಾತಾಡುವವರ ದನಿಯಲ್ಲಿ. "ಮನುಷ್ಯರಿಂದ ತಪ್ಪಾಗತ್ತೆ. ನನಗೆ ಮಾತ್ರ ಆಸೆ ಇರಲಿಲ್ವಾ? ಸೋಮವಾರ ಇಡೀ ದಿನ ಈ ರಿಮೋಟ್ ನನ್ನ ಕೈಯಲ್ಲೇ ಇರತ್ತೆ. ಮುಟ್ಟಿದ್ನಾ? ಕೊಟ್ಟ ಮಾತು ಅಂದ್ರೆ ನನಗೆ ಮಾತು. ಆದರೆ ನಿನ್ನನ್ನ ನಾನು ಒಂದು ಮಾತೂ ಅನ್ನಲ್ಲ."

ಹೆಂಡತಿಯ ಕಣ್ಣು ತುಂಬಿತು. "ನೀವು ಇಷ್ಟು ದೊಡ್ಡ ಮನಸ್ಸಿನವರು ಅಂತ ಗೊತ್ತಿರಲಿಲ್ಲ. ನೀವು ನೋಡಿ, ನಾನು ಜೊತೇಲಿ ಕೂತ್ಕೋತೀನಿ. ತುಟಿ ಬಿಚ್ಚಲ್ಲ" ಎಂದು ಅವರ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

ಎಂಟನೇ ಕಂತು ಶುರುವಾಯಿತು. ಹನ್ನೊಂದನೇ ನಿಮಿಷಕ್ಕೆ ನೆಲಮಾಳಿಗೆಯ ಬಾಗಿಲು ತೆರೆಯುತ್ತದೆ, ಸತ್ತಿದ್ದಾನೆಂದು ಎಲ್ಲರೂ ನಂಬಿದ್ದ ಅಣ್ಣ ಅಲ್ಲಿ ದೀಪ ಹಿಡಿದು ನಿಂತಿರುತ್ತಾನೆ. ಲೈಬ್ರರಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆಗ ಹೇಗೆ ಹೆದರಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿದರು. ಹುಬ್ಬು ಏರಿಸಬೇಕು, ಸ್ವಲ್ಪ ಹಿಂದಕ್ಕೆ ವಾಲಬೇಕು, ಒಂದು "ಅಬ್ಬಾ" ಹೇಳಬೇಕು. ಬೇಗ ಹೇಳಿದರೆ ಕೆಟ್ಟಿತು, ತಡವಾದರೂ ಕೆಟ್ಟಿತು. ಒಂಬತ್ತನೇ ನಿಮಿಷಕ್ಕೆ ನಾಯಕಿ ಮೆಟ್ಟಿಲು ಇಳಿಯತೊಡಗಿದಳು. ಲೈಬ್ರರಿಯವರು ಉಗುಳು ನುಂಗಿ ಸಿದ್ಧರಾದರು. ಮಡಿಲಲ್ಲಿದ್ದ ಕೈಯನ್ನು ಹೆಂಡತಿ ಮೃದುವಾಗಿ ಒತ್ತಿದಳು. ಎಷ್ಟು ಪ್ರೀತಿ ಇವಳಿಗೆ ಎಂದುಕೊಂಡರು.

"ನೂರಾ ನಾಲ್ಕು" ಅಂದಳು ಹೆಂಡತಿ.

"ಏನು?"

"ನಾಡಿ. ಈಗ ತಾನೇ ಎಪ್ಪತ್ತೆರಡಿತ್ತು." ಅವಳ ಬೆರಳು ಅವರ ಮಣಿಕಟ್ಟಿನ ಮೇಲಿತ್ತು, ಕಣ್ಣು ಗೋಡೆ ಗಡಿಯಾರದ ಮೇಲಿತ್ತು. "ಬಾಗಿಲು ತೆರೆಯೋಕೆ ಇನ್ನೂ ಎರಡು ನಿಮಿಷ ಇದೆ ರೀ."

ಅವಳು ಅವರ ಕೈಯನ್ನು, ರೋಗಿಯ ಕೈಯನ್ನು ಹಾಸಿಗೆಯ ಮೇಲೆ ಇಡುವಷ್ಟೇ ಜಾಗ್ರತೆಯಿಂದ, ಸೋಫಾದ ಮೇಲಿಟ್ಟಳು.

"ನೋಡಿದ್ದಕ್ಕೆ ನನಗೇನೂ ಬೇಜಾರಿಲ್ಲ. ನಾನೂ ನೋಡಿದ್ದೀನಿ" ಅಂದಳು. "ನನ್ನನ್ನ ಕ್ಷಮಿಸಿದ್ರಲ್ಲ, ಅದಕ್ಕೆ."

ಫೋನ್ ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ, ಲೈಬ್ರರಿಯವರು ಎಂದೂ ಕೇಳಿರದ ಯಾವುದೋ ಹೊಸ ಸರಣಿಯ ಸಂಗೀತ ಕೇಳಿಸಿತು. ಟೀವಿ ನಿಲ್ಲಿಸಬೇಕೆಂಬುದೂ ಅವರಿಗೆ ತೋಚಲಿಲ್ಲ, ಸುಮ್ಮನೆ ಕೂತಿದ್ದರು. ನಾಯಕಿ ಕೊನೆಯ ಮೆಟ್ಟಿಲು ಇಳಿದಳು. ಬಾಗಿಲು ತೆರೆಯಿತು. ಯೋಚನೆ ಎಲ್ಲೋ ಇದ್ದ ಲೈಬ್ರರಿಯವರು ನಿಜಕ್ಕೂ ಬೆಚ್ಚಿ "ಅಬ್ಬಾ" ಅಂದುಬಿಟ್ಟರು.

"ಈಗ ಸರಿಯಾದ ಟೈಮಿಗೆ ಬಂತು" ಅಂದಳು ಹೆಂಡತಿ, ಒಳಗಿನಿಂದಲೇ.