ಮರಳುಗಾಡಿನಲ್ಲಿ ಸಿಕ್ಕ ಬನ್ನಿ

ನಮ್ಮ ಮನೆಮಂದಿ ಮುಂಡಗೋಡದ ಬಸ್‌ಸ್ಟ್ಯಾಂಡ್ ದಾಟಿದರೆಂದರೆ, ನಗುವಂಥದ್ದೊಂದು ಆಗದೆ ಹಿಂದಿರುಗಿದ ದಾಖಲೆಯಿಲ್ಲ. ದಾಖಲೆ ಇಡುವವಳು ನಾನೇ ಆದ್ದರಿಂದ ಖಾತ್ರಿಯಾಗಿ ಹೇಳಬಲ್ಲೆ. ಹೋದ ವರ್ಷ ದಸರೆಗೆ ರಾಜಸ್ಥಾನದ ಜೈಸಲ್ಮೇರಿಗೆ ಹೋದೆವು. ನಾನು, ನಮ್ಮ ಯಜಮಾನರು, ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಭತ್ತದ ಗದ್ದೆಗೆ ಕಾಡುಹಂದಿ ನುಗ್ಗುತ್ತವೆಂದು ಮೈದುನ ಕಾವಲಿಗೆ ಉಳಿದ.

ತೊಡಕು ಒಂದೇ. ನಾನೂ ನೆಗೆಣ್ಣಿಯೂ ಶ್ರಾವಣದಿಂದ ಮಾತು ಬಿಟ್ಟಿದ್ದೆವು. ಬೀಗರು ಊಟಕ್ಕೆ ಬಂದ ದಿನ ನನ್ನ ಹೋಳಿಗೆ ಹರಿದು ಹೂರಣ ಹೊರಗೆ ಬಂತು. ಆಕೆ ಬಡಿಸುತ್ತ, "ಅಕ್ಕಾರು ಬಿ.ಎ. ಮಾಡ್ಯಾರ್ರಿ, ಹೋಳಿಗಿ ಅಲ್ಲ" ಅಂದಳು. ಇಡೀ ಪಂಕ್ತಿ ನಕ್ಕಿತು. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಗಳಿಸಿದ ಪದವಿ ಅದು. ನಮ್ಮ ಮನೆತನದ ಹೆಣ್ಣುಮಕ್ಕಳಲ್ಲಿ ಮೊದಲನೆಯದು. ನಾನು ಬಾಯಿ ಮುಚ್ಚಿದೆ. ನಾನು ಮುಚ್ಚಿದ್ದು ಕಂಡು ಅವಳೂ ಮುಚ್ಚಿದಳು.

ನಮ್ಮಲ್ಲಿ ಇಂಥ ಮುನಿಸು ಮುಗಿಯುವುದು ದಸರೆಯಲ್ಲಿ. ಬನ್ನಿ ಎಲೆ ಕೊಟ್ಟು, "ಬಂಗಾರದ್ಹಾಂಗ ಇರೂಣು" ಅಂದರೆ ಹಳೆಯದೆಲ್ಲ ಅಲ್ಲಿಗೆ ಸರಿ. ಆದರೆ ಮರಳುಗಾಡಿನಲ್ಲಿ ಬನ್ನಿ ಎಲ್ಲಿಯದು? ಮುನಿಸು ಇನ್ನೊಂದು ವರ್ಷ ಎಳೆಯುತ್ತದಲ್ಲ ಎಂದು ನನಗೆ ಒಳಗೊಳಗೇ ಕಳವಳ. ಹಾಗಂತ ಮೊದಲು ಮಾತಾಡಲು ನಾನು ತಯಾರಿರಲಿಲ್ಲ.

ಮೂರು ಕೊಡೆ

ಲಾಡ್ಜಿನಲ್ಲಿ ಚೀಲ ಬಿಚ್ಚಿದರೆ ಮೂರು ಚೀಲದಿಂದಲೂ ಒಂದೊಂದು ಕೊಡೆ ಬಂತು. ಯಾರೂ ಯಾರಿಗೂ ಹೇಳಿರಲಿಲ್ಲ. ಮುಂಡಗೋಡದವರ ಕೈ ಚೀಲ ಕಟ್ಟುವಾಗ ತಾನಾಗಿಯೇ ಕೊಡೆ ಹುಡುಕುತ್ತದೆ.

ಲಾಡ್ಜಿನ ಮಾಲಕರು ಒಳ್ಳೆಯವರು. ಹೋದ ಕೂಡಲೇ ಮಣ್ಣಿನ ಮಡಕೆಯ ತಣ್ಣೀರು ಕೊಟ್ಟಿದ್ದರು. ಆ ನೀರಿನ ರುಚಿಗೆ ಈಗಲೂ ಕೈ ಮುಗಿಯುತ್ತೇನೆ. ಅವರು ಕೊಡೆ ನೋಡಿ ನಗಲಿಲ್ಲ. ನಿಮ್ಮಲ್ಲಿ ಎಷ್ಟು ದಿನ ಮಳೆ ಎಂದು ಹಿಂದಿಯಲ್ಲಿ ಕೇಳಿದರು. ನಾಲ್ಕು ತಿಂಗಳು ಅಂದೆ. ಅವರು ಬಾಯಿ ತೆರೆದುಕೊಂಡು, ಅಷ್ಟು ನೀರೆಲ್ಲ ಎಲ್ಲಿಗೆ ಹೋಗುತ್ತದೆ ಅಂದರು. ಯಜಮಾನರು ಅದನ್ನು ಕನ್ನಡಕ್ಕೆ ತಂದು ಹೇಳಿದರು.

ನೆಗೆಣ್ಣಿ ಗೋಡೆ ನೋಡುತ್ತ ಅಂದಳು: "ಅರ್ಧ ಸಮುದ್ರಕ್ಕ ಹೋಗ್ತದ. ಇನ್ನರ್ಧ ನಮ್ಮ ಅಡಿಗಿಮನ್ಯಾಗ ಬೀಳ್ತದ. ಹಂಚು ತಿರುವಸ್ರಿ ಅಂತ ಭಾವಾರಿಗೆ ಹೇಳಿ ಹೇಳಿ ಸಾಕಾತು."

ಈ ಉತ್ತರವನ್ನು ಮಾತ್ರ ಯಜಮಾನರು ಹಿಂದಿಗೆ ತರಲಿಲ್ಲ.

ನಡುವಿನ ಮನುಷ್ಯ

ಮರುದಿನ ಕೋಟೆ. ಹಳದಿ ಕಲ್ಲಿನ ಕೋಟೆಯ ಒಳಗೇ ಜನ ಸಂಸಾರ ಮಾಡಿಕೊಂಡಿದ್ದಾರೆ. ಒಂದು ಕಡೆ ರಾಜನ ಅರಮನೆ, ಪಕ್ಕದಲ್ಲೇ ಯಾರದೋ ಒಣಹಾಕಿದ ಹಪ್ಪಳ. ಇತಿಹಾಸ ಓದಿದವಳು ನಾನು, ಸುಮ್ಮನಿರುವುದು ಹೇಗೆ?

"ಆಕಿಗೆ ಹೇಳ್ರಿ, ಬಿಸಿಲು ತಾಗಬಾರ್ದಂತ ಓಣಿ ಇಷ್ಟು ಸಣ್ಣು ಮಾಡ್ಯಾರ."

ಯಜಮಾನರು ಎಡಕ್ಕೆ ತಿರುಗಿ ಹೇಳಿದರು. ಎಡದಿಂದ ಉತ್ತರ ಬಂತು: "ಭಾವಾರ, ಅಕ್ಕಾರಿಗೆ ಹೇಳ್ರಿ, ಓಣಿ ಸಣ್ಣು ಐತಿ, ಮುಂದ ಎತ್ತು ಬರಾಕತ್ತೈತಿ, ಇತಿಹಾಸ ಆಮ್ಯಾಲೆ ಹೇಳ್ಲಿ."

ಯಜಮಾನರು ಬಲಕ್ಕೆ ತಿರುಗುವಷ್ಟರಲ್ಲಿ ಎತ್ತು ಬಂದೇಬಿಟ್ಟಿತು. ಮೂವರೂ ಒಂದು ಶಾಲಿನ ಅಂಗಡಿಯೊಳಗೆ ನುಗ್ಗಿದೆವು.

ಬೆಳಗಿನಿಂದ ಇದನ್ನೇ ನೋಡುತ್ತಿದ್ದ ಗೈಡ್ ಯಜಮಾನರನ್ನು ಬದಿಗೆ ಕರೆದು ಮೆಲ್ಲಗೆ ವಿಚಾರಿಸಿದ: "ಸಾಹೇಬರೇ, ಇವರಿಬ್ಬರೂ ಬೇರೆ ಬೇರೆ ರಾಜ್ಯದವರೇ? ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲವೇ?"

"ಇಲ್ಲಪ್ಪಾ," ಅಂದರು ಯಜಮಾನರು. "ಇಬ್ಬರೂ ಒಂದೇ ಅಡಿಗೆಮನೆಯವರು."

ಕಲ್ಲಾದ ಕಟ್ಟಿಗೆ

ಊರಾಚೆ ಬಟಾಬಯಲಿನಲ್ಲಿ ಕಲ್ಲಾದ ಮರಗಳಿವೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಅಲ್ಲಿ ದಟ್ಟ ಕಾಡಿತ್ತಂತೆ. ಬಿದ್ದ ದಿಮ್ಮಿಗಳು ಮಣ್ಣಿನಲ್ಲಿ ಹೂತು ಕಲ್ಲಾಗಿವೆ. ಒಂದೊಂದಕ್ಕೂ ಸುತ್ತ ಕಬ್ಬಿಣದ ಜಾಳಿಗೆ, ಮೇಲೆ ತಗಡು.

ದಾಂಡೇಲಿ, ಜೋಯಿಡಾದ ಕಾಡು ನೋಡಿದ ಕಣ್ಣಿಗೆ ಆ ಬಯಲು ನೋಡಿ ಸಂಕಟವಾಯಿತು. ನಮ್ಮ ಕಾಡು ಇನ್ನೂ ಹಸಿರಾಗಿದೆಯಲ್ಲ ಎಂದು ಮನಸ್ಸಿನಲ್ಲೇ ದೇವರನ್ನು ನೆನೆದೆ. ನೆಗೆಣ್ಣಿ ಜಾಳಿಗೆಗೆ ಮೂಗು ಹಚ್ಚಿ ದಿಮ್ಮಿಯನ್ನು ಪರೀಕ್ಷಿಸುತ್ತಿದ್ದಳು. ಅವಳ ತವರು ಜೋಯಿಡಾದ ಕಡೆ. ತೊಗಟೆ ನೋಡಿಯೇ ಮರ ಹೇಳುತ್ತಾಳೆ.

"ಯಾವ ಮರ ಇದ್ದೀತವಾ?" ಅಂದರು ಯಜಮಾನರು.

ಬಹಳ ಹೊತ್ತು ನೋಡಿ ಹೇಳಿದಳು: "ಹಿಂಗ ನೋಡಿದ್ರ ಗೊತ್ತಾಗೂದಿಲ್ರಿ. ಒಲಿಗೆ ಹಚ್ಚಿ ನೋಡಬೇಕು."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿ ಕೆಮ್ಮಿದಂತೆ ಮಾಡಿದೆ. ಆಕೆ ಯಜಮಾನರಿಗೆ ಅಂದಳು: "ಅಕ್ಕಾರಿಗೆ ನೀರು ಕೊಡ್ರಿ, ನಗಿ ಗಂಟಲಕ್ಕ ಸಿಕ್ಕೈತಿ."

ಬಂಗಾರ

ದಸರೆಯ ದಿನ ಮರಳಿನ ದಿಬ್ಬ ನೋಡಲು ಹೊರಟೆವು. ನಡುದಾರಿಯಲ್ಲಿ ಟಯರ್ ಪಂಕ್ಚರ್. ಡ್ರೈವರ್ ಟಯರ್ ಬಿಚ್ಚತೊಡಗಿದ, ನಾವು ಇಳಿದೆವು. ಸುತ್ತ ಮರಳು, ಒಂದೇ ಒಂದು ಗುಡಿಸಲು, ಅದರ ಮುಂದೆ ಒಂದು ಗಿಡ. ಸಣ್ಣ ಸಣ್ಣ ಎಲೆ, ಮುಳ್ಳು. ನಾನು ನೋಡಿದೆ. ನೆಗೆಣ್ಣಿಯೂ ನೋಡಿದಳು. ಸಾಕ್ಷಾತ್ ಬನ್ನಿ!

ಆಕೆ ಆಗಲೇ ಚಪ್ಪಲಿ ಬಿಟ್ಟು, ಗಿಡಕ್ಕೆ ಕೈ ಮುಗಿದು, ಟೊಂಗೆಗೆ ಕೈ ಹಾಕಿದ್ದಳು. ಅಷ್ಟರಲ್ಲಿ ಗುಡಿಸಲಿನಿಂದ ಒಬ್ಬ ಮುದುಕಿ ಬಡಿಗೆ ಎತ್ತಿಕೊಂಡು ಕೂಗುತ್ತ ಓಡಿಬಂದಳು. ನೆಗೆಣ್ಣಿಗೆ ಹಿಂದಿ ಬಾರದು. ಆದರೆ ಬಡಿಗೆಯ ಭಾಷೆ ಎಲ್ಲರಿಗೂ ತಿಳಿಯುತ್ತದೆ.

"ಅಕ್ಕಾರಽಽ!" ಎಂದು ಕಿರುಚಿ ನನ್ನ ಬೆನ್ನ ಹಿಂದೆ ಅಡಗಿದಳು. ಶ್ರಾವಣದಿಂದೀಚೆ ನನಗೇ ಆಡಿದ ಮೊದಲ ಮಾತು.

ಬಿ.ಎ.ಯಲ್ಲಿ ನಾನು ಹಿಂದಿ ತೆಗೆದುಕೊಂಡಿದ್ದೆ. ಅಂದು ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ ಮಾತಾಡಿದೆ. ಮುದುಕಿ, ಈ ಗಿಡ ತಮಗೆ ತಾಯಿಯಿದ್ದಂತೆ, ಟೊಂಗೆ ಮುರಿಯುವುದು ಪಾಪ, ಉದುರಿದ ಎಲೆಯಿಂದಲೇ ಆಡುಗಳು ಬದುಕಬೇಕು ಎಂದಳು. ನಾನು, ಕ್ಷಮಿಸಿ ತಾಯಿ, ನಮ್ಮಲ್ಲೂ ಇದಕ್ಕೆ ಪೂಜೆಯಿದೆ, ಇವತ್ತು ಇದರ ಎಲೆಯೇ ಬಂಗಾರ, ಮಾತು ಬಿಟ್ಟವರು ಇದನ್ನು ಕೊಟ್ಟು ಒಂದಾಗುತ್ತೇವೆ ಎಂದೆ.

"ಮಾತು ಬಿಟ್ಟವರು ಯಾರು?"

ಬೆನ್ನ ಹಿಂದೆ ಬೆರಳು ತೋರಿಸಿದೆ.

"ಇವಳು ನಿನಗೇನಾಗಬೇಕು?"

"ಮೈದುನನ ಹೆಂಡತಿ."

ಮುದುಕಿ ಬಡಿಗೆ ಇಳಿಸಿದಳು. "ಹಾಗಾದರೆ ಒಂದೆರಡು ಎಲೆ ಸಾಲದು!" ಎಂದು ತಾನೇ ಗಿಡದ ಬುಡಕ್ಕೆ ಹೋಗಿ, ಉದುರಿದ ಎಲೆಗಳನ್ನು ಬೊಗಸೆ ತುಂಬ ಬಳಿದು ತಂದು ನಮ್ಮಿಬ್ಬರ ಸೆರಗಿಗೆ ಹಾಕಿದಳು. ಆಡಿನ ಬಾಯಿಂದ ತಪ್ಪಿಸಿ ಕೊಟ್ಟ ಬಂಗಾರ. ಆ ತಾಯಿಯ ಋಣ ದೊಡ್ಡದು.

ನೆಗೆಣ್ಣಿ ಅದರಲ್ಲೇ ಎರಡೆಲೆ ಆರಿಸಿ ನನ್ನ ಕೈಗಿಟ್ಟು, ಕಾಲು ಮುಟ್ಟಿದಳು. "ಬಂಗಾರದ್ಹಾಂಗ ಇರೂಣ್ರಿ ಅಕ್ಕಾರ."

"ಇರೂಣವಾ," ಅಂದೆ. ಕಣ್ಣು ಒದ್ದೆಯಾಗಿತ್ತು.

ಯಜಮಾನರು ಆಕಾಶಕ್ಕೆ ಕೈ ಮುಗಿದು, "ಇನ್ನ ನಾ ಸ್ವಲ್ಪ ಕುಂಡ್ರಲ್ಯಾ?" ಅಂದರು.

ನೆಗೆಣ್ಣಿ ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದಳು. ಇನ್ನು ನಡುವಿನ ಮನುಷ್ಯ ಬೇಕಿರಲಿಲ್ಲ; ಆದರೂ ರೂಢಿ.

"ಭಾವಾರ, ಬೀಗರ ಮುಂದ ನಾ ಅಂದದ್ದು ತಪ್ಪಾತು ನೋಡ್ರಿ. ಅಕ್ಕಾರ ಬಿ.ಎ. ಹೋಳಿಗಿ ಹಿಡೀಲಿಲ್ಲ ಖರೆ, ಬಡಿಗಿ ಹಿಡೀತು!"

ಎಲೆ ನನ್ನ ಕೈಯಲ್ಲಿತ್ತು. ಮುಂದಿನ ದಸರೆಯವರೆಗೆ ಸಿಟ್ಟಾಗುವ ಹಾಗೂ ಇರಲಿಲ್ಲ.